ನೀರು ಹೊತ್ತು ನಡೆವ ಮನೆ

ಪ್ರವಾಸವೆಂದರೆ ಮನೆಗೆ ಬೀಗವಿಕ್ಕಿ, ಬೀಗದ ಕೈಯನ್ನು ನೆರೆಯವರಿಗೆ ಒಪ್ಪಿಸಿ ಹೊರಡುವುದೆಂದೇ ತಿಳಿದು ಬೆಳೆದ ನನ್ನಂಥವನಿಗೆ, ಒಲೆ, ಹಾಸಿಗೆ, ಶೌಚಗೃಹಗಳ ಸಮೇತ ಮನೆಯನ್ನೇ ಗಾಲಿಗಳ ಮೇಲೇರಿಸಿಕೊಂಡು ಮರುಭೂಮಿಯನ್ನು ಹೊಗುವ ಅಮೆರಿಕದವರ ಸಂಕಲ್ಪವು ಮೊದಲಿಗೆ ಪರಿಹಾಸಯೋಗ್ಯವಾಗಿಯೇ ತೋರಿತು. ಆದರೆ ಲಾಸ್ ಏಂಜಲೀಸಿನಲ್ಲಿರುವ ಮಗಳೂ ಅಳಿಯನೂ, ಅಲ್ಲಿಯವರು ಆರ್‌ವಿ ಎಂದು ಕರೆಯುವ ಅಂಥದೊಂದು ಮೋಟಾರು ಮನೆಯನ್ನು ಬಾಡಿಗೆಗೆ ಹಿಡಿದು, ನಮ್ಮಿಬ್ಬರನ್ನು ಡೆತ್ ವ್ಯಾಲಿಯ ಮಾರ್ಗವಾಗಿ ಸಿಯೆರಾ ನೆವಾಡಾ ಪರ್ವತಗಳ ಬುಡಕ್ಕೆ ಕರೆದೊಯ್ಯುವೆವೆಂದಾಗ, ಸಾರಿನ ಪುಡಿ, ಕುಕ್ಕರು, ಉಪ್ಪಿನಕಾಯಿಗಳನ್ನು ಜೋಡಿಸತೊಡಗಿದ ನನ್ನ ಹೆಂಡತಿಯ ಉತ್ಸಾಹವನ್ನು ಕಂಡು, ಈ ವಾಹನವನ್ನು ಕಲ್ಪಿಸಿದವನು ಗೃಹಿಣಿಯ ಮಾತಿಗೆ ಸೋತ ಯಾವನೋ ಗೃಹಸ್ಥನೇ ಇರಬೇಕೆಂದು ನಿಶ್ಚಯಿಸಿದೆನು.

ಚರಿತ್ರೆ ಹೇಳುವುದು ಬೇರೆ. 1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪಿಯರ್ಸ್-ಆರೋ ಕಂಪನಿ ಪ್ರದರ್ಶಿಸಿದ ‘ಟೂರಿಂಗ್ ಲ್ಯಾಂಡೋ’ ಈ ಕುಲದ ಮೂಲಪುರುಷರಲ್ಲೊಂದು. ಅದರ ಹಿಂದಿನ ಆಸನವು ಹಾಸಿಗೆಯಾಗುತ್ತಿತ್ತು, ಸಾರಥಿಯ ಬೆನ್ನ ಹಿಂದಿನಿಂದ ಕೈತೊಳೆಯುವ ಬೋಗುಣಿಯೊಂದು ಇಳಿಯುತ್ತಿತ್ತು, ಆ ಸಾರಥಿಗೆ ಅಪ್ಪಣೆ ಕೊಡಿಸಲು ಟೆಲಿಫೋನೂ ಇತ್ತು. ಧನಿಕರ ಈ ವಿಲಾಸವು ಸಾಮಾನ್ಯರ ಕೈಗೆಟುಕುವಂತಾದದ್ದು, 1966ರಿಂದೀಚೆಗೆ ಅಯೋವಾದ ವಿನ್ನೆಬೇಗೋ ಕಂಪನಿಯವರು ಇಂಥ ಮನೆಗಳನ್ನು ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ.

ಮನೆಯೇನೋ ಗಾಲಿಯ ಮೇಲೇರಿತು; ಬಾವಿ ಏರಲಿಲ್ಲ. ಮೋಟಾರು ಮನೆಯ ಹೊಟ್ಟೆಯಲ್ಲಿ ಮೂರು ತೊಟ್ಟಿಗಳಿರುತ್ತವೆ: ಶುದ್ಧಜಲಕ್ಕೊಂದು, ಪಾತ್ರೆ ತೊಳೆದ ಮತ್ತು ಮಿಂದ ನೀರಿಗೊಂದು, ಶೌಚದ್ದಕ್ಕೊಂದು. ಮೊದಲನೆಯದು ಬರಿದಾದಂತೆ ಉಳಿದೆರಡು ತುಂಬುತ್ತ ಹೋಗುವುದನ್ನು ಗೋಡೆಯ ಮೇಲಿನ ಚಿಕ್ಕ ದೀಪಗಳು ನಿರ್ದಾಕ್ಷಿಣ್ಯವಾಗಿ ಸಾರುತ್ತಿರುತ್ತವೆ. ಚಳ್ಳಕೆರೆಯ ಕಡೆಯ ಹಳ್ಳಿಯೊಂದರಲ್ಲಿ, ಇಷ್ಟು ಕೊಡ ಅಡಿಗೆಗೆ, ಇಷ್ಟು ದನಕ್ಕೆ ಎಂದು ತಾಯಿ ಎಣಿಸಿಡುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಈ ಲೆಕ್ಕಾಚಾರ ಹೊಸದಾಗಿರಲಿಲ್ಲ. ಮಲೆನಾಡಿನಿಂದ ಬಂದ ನನ್ನ ಹೆಂಡತಿಗೆ ಮಾತ್ರ ಅದು ಅವಮಾನವಾಗಿಯೇ ಕಂಡಿತು. ಕೈಗವಸು ತೊಟ್ಟ ಅಳಿಯ, ತುಂಬಿದ ಮಲತೊಟ್ಟಿಯನ್ನು ದಪ್ಪ ಕೊಳವೆಯಿಂದ ಬರಿದು ಮಾಡುತ್ತಿದ್ದುದನ್ನು ಕಂಡು ಅವಳು ಸಂಕೋಚದಿಂದ ಕುಗ್ಗಿ, “ಅಳಿಯಂದಿರ ಕೈಯಲ್ಲಿ ಇದನ್ನೆಲ್ಲ ಮಾಡಿಸುವುದೇ?” ಎಂದರೆ, ಅವನು, “ಇದಿರಲಿ ಬಿಡಿ ಅತ್ತೆ, ನೀವು ಅಕ್ಕಿಯನ್ನು ಮೂರು ಸಲ ತೊಳೆಯದಿದ್ದರೆ ಸಾಕು” ಎಂದ.

ಡೆತ್ ವ್ಯಾಲಿಯಲ್ಲಿ ಹಳೆಯ ಬಂಡಿಗಳನ್ನು ಕಂಡಾಗ ಆ ಮಾತಿಗೆ ಇತಿಹಾಸದ ಸಮರ್ಥನೆಯೂ ದೊರೆಯಿತು. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವನ್ನು, 1883ರಿಂದ 1889ರವರೆಗೆ ಆ ಕಣಿವೆಯಿಂದ ಮೊಹಾವೆಯ ರೈಲ್ವೆ ನಿಲ್ದಾಣಕ್ಕೆ, 265 ಕಿಲೋಮೀಟರ್ ದೂರ, ಈ ಬಂಡಿಗಳಲ್ಲಿ ಸಾಗಿಸುತ್ತಿದ್ದರು. ಎಳೆಯುತ್ತಿದ್ದುದು ಹದಿನೆಂಟು ಹೇಸರಗತ್ತೆಗಳು, ಎರಡು ಕುದುರೆಗಳು. ಆಳೆತ್ತರವನ್ನೂ ಮೀರಿದ ಗಾಲಿಗಳ ಆ ಎರಡು ಬಂಡಿಗಳ ಹಿಂದೆ, ನಾಲ್ಕೂವರೆ ಸಾವಿರ ಲೀಟರ್ ಹಿಡಿಯುವ ಕಬ್ಬಿಣದ ನೀರಿನ ತೊಟ್ಟಿಯೊಂದು ತಪ್ಪದೆ ಸಾಗುತ್ತಿತ್ತು. ನಮ್ಮ ವಾಹನದ ನಿಜವಾದ ಪೂರ್ವಜ ಪಿಯರ್ಸ್-ಆರೋ ಅಲ್ಲ, ಈ ತೊಟ್ಟಿಯೇ ಎಂಬುದು ನನ್ನ ಅಭಿಪ್ರಾಯ.

ಕಣಿವೆಯ ತಳವಾದ ಬ್ಯಾಡ್‌ವಾಟರ್ ಸಮುದ್ರಮಟ್ಟದಿಂದ 86 ಮೀಟರ್ ಕೆಳಗಿದೆ; ಉಪ್ಪು ಹರಳುಗಟ್ಟಿದ ಆ ಶ್ವೇತವಿಸ್ತಾರದಿಂದ ಹೊರಟು, ಎಂಜಿನು ಕಾಯ್ದೀತೆಂದು ಏರ್ ಕಂಡಿಷನರನ್ನು ಆರಿಸಿ ಟೌನ್ ಪಾಸಿನ ಏರನ್ನು ಏದುತ್ತ ಹತ್ತಿಳಿದು, ಲೋನ್ ಪೈನ್ ಊರನ್ನು ಸೇರುವಷ್ಟರಲ್ಲಿ 4,421 ಮೀಟರ್ ಎತ್ತರದ ಮೌಂಟ್ ವಿಟ್ನಿ ಹಿಮ ಹೊದ್ದು ಎದುರಿಗೆ ನಿಲ್ಲುತ್ತದೆ. ಆ ಹಿಮ ಕರಗಿ ಓವೆನ್ಸ್ ನದಿಯಾಗಿ, ಓವೆನ್ಸ್ ಸರೋವರವನ್ನು ತುಂಬುತ್ತಿದ್ದ ಕಾಲವೊಂದಿತ್ತು. ಎಂಜಿನಿಯರ್ ವಿಲಿಯಂ ಮುಲ್‌ಹಾಲೆಂಡ್ 1913ರಲ್ಲಿ ಮುಗಿಸಿದ ಕಾಲುವೆಯು ಪಂಪಿನ ಹಂಗಿಲ್ಲದೆ, ಬರಿಯ ಇಳಿಜಾರಿನ ಬಲದಿಂದ, ಆ ನೀರನ್ನು ಲಾಸ್ ಏಂಜಲೀಸಿಗೆ ಒಯ್ದಿತು. ಸರೋವರವು ಬತ್ತಿ ಧೂಳಿನ ಬಯಲಾಯಿತು. ಮಗಳ ಮನೆಯ ಕೊಳಾಯಿಯಿಂದ ನಾವು ತುಂಬಿಕೊಂಡು ಬಂದ ನೀರಿನಲ್ಲಿ ಈ ಬೆಟ್ಟದ ಪಾಲೂ ಇದ್ದಿರಬೇಕು; ಹಾಗಿದ್ದರೆ, ನಾವು ಪೆಟ್ರೋಲು ಸುಟ್ಟು ಆ ನೀರನ್ನು ತವರಿಗೆ ಕರೆತಂದಂತಾಯಿತು. ನಗರದವರು ಮಾಡುತ್ತಿರುವುದೂ ಇದಕ್ಕಿಂತ ಬಹಳ ಭಿನ್ನವೇನಲ್ಲ: ಧೂಳನ್ನು ಅಡಗಿಸುವುದಕ್ಕಾಗಿ 2001ರಿಂದ ಅವರೇ ಆ ಸರೋವರದ ಅಂಗಳಕ್ಕೆ ನೀರು ಬಿಡುತ್ತಿದ್ದಾರೆ.

ಆ ಕಡೆಗೆ ಹೋಗುವ ಕನ್ನಡಿಗರಲ್ಲಿ ಒಂದು ವಿಜ್ಞಾಪನೆ. ಬೇಸಗೆಯಲ್ಲಿ ಹೋಗಬೇಡಿರಿ, ಕಾಲುವೆ ಮುಗಿದ ಅದೇ 1913ರ ಜುಲೈ 10ರಂದು ಡೆತ್ ವ್ಯಾಲಿಯಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ಸೇ ಇಂದಿಗೂ ಜಗತ್ತಿನ ಅಧಿಕೃತ ಪರಮೋಷ್ಣವಾಗಿದೆ. ಫೆಬ್ರವರಿಯಲ್ಲಿ ಹೋಗಿ, ಕುಡಿಯುವ ನೀರನ್ನು ತೊಟ್ಟಿಯ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿಯೇ ಇರಿಸಿಕೊಳ್ಳಿ.