ಬೆನ್ನು ನೆಲಕ್ಕೆ ತಾಗಿದ ಮೇಲೆ

ಕೊರಿಯರ್‌ನಲ್ಲಿ ಬಂದ ದಪ್ಪ ಬಿಳಿ ಅಂಗಿಯನ್ನು ಮೊದಲ ಸಲ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದೆ. ಹಾಸಿಗೆಯ ಮೇಲಿಂದಲೇ ನೋಡಿದ ಅಪ್ಪ, "ಇದೇನಲೇ, ದವಾಖಾನಿ ಪೇಶೆಂಟ್ ಆಗೀ ಏನು?" ಎಂದರು. ಕುಸ್ತಿ ಕಲಿಯಲು ಹೊರಟಿದ್ದೇನೆ ಅಂದೆ. "ಅಂಗಿ ತೊಟ್ಟು ಆಡೂ ಕುಸ್ತಿ ಯಾವುದು?" ಬ್ರೆಜಿಲಿಯನ್ ಜಿಯು-ಜಿತ್ಸು ಅಂತ ಹೇಳಿದೆ. ಆ ಹೆಸರು ಹೇಳಲು ಅಪ್ಪ ಪ್ರಯತ್ನವನ್ನೇ ಮಾಡಲಿಲ್ಲ. ಇವತ್ತಿಗೂ ಅದು ನಮ್ಮ ಮನೆಯಲ್ಲಿ "ನಿನ್ನ ಅಂಗಿ ಕುಸ್ತಿ".

ಅಪ್ಪ ಹಾಗೆ ಕೇಳಲು ಕಾರಣವಿದೆ. ಜಮಖಂಡಿ ಸೀಮೆಯ ನಮ್ಮೂರಲ್ಲಿ ಅವರು ಹದಿನೈದು ವರ್ಷ ತಾಲೀಮು ಮಾಡಿದವರು. ಬೆಳಗಿನ ನಾಲ್ಕಕ್ಕೆ ಎದ್ದು ದಂಡ, ಬೈಠಕ್. ಆಮೇಲೆ ಕೆಮ್ಮಣ್ಣಿನಲ್ಲಿ ಜೋಡಿ ಹಿಡಿಯುವುದು. ಆ ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡುತ್ತಿದ್ದರಂತೆ. ಜಾತ್ರೆಗಳಲ್ಲಿ ಕುಸ್ತಿ ಹಿಡಿದರು, ಒಂದೆರಡು ಸಲ ಕೊಲ್ಲಾಪುರ, ಸಾಂಗ್ಲಿ ಕಡೆಗೂ ಹೋಗಿಬಂದರು. ಗಳಿಸಿದ್ದು ಒಂದು ಬೆಳ್ಳಿ ಕಡಗ ಮತ್ತು ಮುದ್ದೆಯಾದ ಎಡಗಿವಿ. ಪದೇ ಪದೇ ಪೆಟ್ಟು ಬಿದ್ದು ಕಿವಿಯ ಚರ್ಮದೊಳಗೆ ರಕ್ತ ತುಂಬಿ ಗಟ್ಟಿಯಾದರೆ ಕಿವಿ ಹಾಗಾಗುತ್ತದೆ. ಕಡಗವನ್ನು ನನ್ನ ಇಂಜಿನಿಯರಿಂಗ್ ಫೀಸಿಗೆ ಮಾರಿದರು. ಕಿವಿ ಉಳಿದಿದೆ.

ನನ್ನನ್ನು ಮಾತ್ರ ತಾಲೀಮಿನ ಹೊಸ್ತಿಲು ತುಳಿಯಲು ಬಿಡಲಿಲ್ಲ. "ಹೊಟ್ಟಿ ತುಂಬೂದಿಲ್ಲ ಅದರಾಗ. ಓದು," ಅಂದರು. ಓದಿದೆ. ಪುಣೆಗೆ ಬಂದೆ. ಇಪ್ಪತ್ತೊಂದು ವರ್ಷ ಕಂಪ್ಯೂಟರ್ ಮುಂದೆ ಕೂತೆ. ಅವ್ವ ಹೋದ ಮೇಲೆ ಅಪ್ಪನನ್ನು ಇಲ್ಲಿಗೇ ಕರೆತಂದೆವು. ಅಷ್ಟರಲ್ಲಿ ಅವರಿಗೆ ಪಾರ್ಕಿನ್ಸನ್ ಶುರುವಾಗಿತ್ತು. ಮೊದಲು ಬಲಗೈ ನಡುಕ, ಆಮೇಲೆ ಹೆಜ್ಜೆ ಚಿಕ್ಕದಾಗುತ್ತ ಬಂತು. ಒಂದು ದಿನ ಅವರನ್ನು ಕುರ್ಚಿಯಿಂದ ಎಬ್ಬಿಸಲು ಹೋಗಿ ನನ್ನ ಸೊಂಟವೇ ಹಿಡಿದುಕೊಂಡಿತು. ನಲವತ್ತನಾಲ್ಕು ವಯಸ್ಸು, ಎಂಬತ್ತಾರು ಕಿಲೋ ತೂಕ, ಸಕ್ಕರೆ ಗಡಿಯ ಮೇಲೆ. ಆಫೀಸಿನ ಹುಡುಗನೊಬ್ಬ ಬಾಣೇರ್ ರಸ್ತೆಯಲ್ಲಿ ಒಂದು ಜಿಯು-ಜಿತ್ಸು ಕ್ಲಾಸಿದೆ, ಮೊದಲ ದಿನ ಫೀಸಿಲ್ಲ ಅಂದ. ಹೋದೆ. ಕುಸ್ತಿಯ ಆಸೆ ಒಳಗೆಲ್ಲೋ ಇದ್ದೇ ಇತ್ತು ಅಂತ ಈಗ ಅನ್ನಿಸುತ್ತದೆ.

ಮೊದಲ ದಿನ ಕುಸ್ತಿಯೇನೂ ಇರಲಿಲ್ಲ. ನೆಲದ ಮೇಲೆ ಮಲಗಿ ಸೊಂಟ ಎತ್ತಿ ಪಕ್ಕಕ್ಕೆ ಸರಿಯುವುದು, ಅಷ್ಟೇ. ಸೀಗಡಿ ಹಿಂದಕ್ಕೆ ಚಿಮ್ಮುವಂತೆ ಕಾಣುತ್ತದೆಂದು ಅದಕ್ಕೆ ಶ್ರಿಂಪಿಂಗ್ ಎಂದೇ ಹೆಸರು. ಹಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಬರಬೇಕು. ನಾನು ಅರ್ಧಕ್ಕೇ ಏದುಸಿರು ಬಿಟ್ಟೆ. ಬೀಳುವುದನ್ನೂ ಕಲಿಸಿದರು: ಗದ್ದ ಎದೆಗೆ ಒತ್ತಿಕೊಳ್ಳಬೇಕು, ಬೆನ್ನನ್ನು ದುಂಡಗೆ ಮಾಡಬೇಕು, ನೆಲಕ್ಕೆ ಕೈ ಊರಬಾರದು, ಅಂಗೈಯಿಂದ ನೆಲಕ್ಕೆ ಹೊಡೆಯಬೇಕು. ಬೀಳುವಾಗ ಕೈ ಊರಿದವರೇ ಮಣಿಕಟ್ಟು ಮುರಿದುಕೊಳ್ಳುವುದು.

ಕೊನೆಯ ಐದು ನಿಮಿಷ "ರೋಲ್" ಮಾಡಿ ಅಂದರು. ಅಂದರೆ ನಿಜವಾಗಿ ಹಿಡಿದಾಡುವುದು. ನನಗೆ ಜೊತೆಯಾದವಳು ನೀಲಿ ಬೆಲ್ಟಿನ ಒಬ್ಬಳು ದಂತವೈದ್ಯೆ, ಐವತ್ತೈದು ಕಿಲೋ ಇರಬಹುದು. ಹೆಣ್ಣುಮಗಳನ್ನು ಎಲ್ಲಿ ಹಿಡಿಯಬೇಕು, ಹಿಡಿಯಬಹುದೋ ಇಲ್ಲವೋ ಎಂಬ ಸಂಕೋಚದಲ್ಲಿ ನಾನಿದ್ದೆ. ಅವಳಿಗೆ ಅಂಥ ಯಾವ ಗೊಂದಲವೂ ಇರಲಿಲ್ಲ. ಎಣಿಸಿ ಹತ್ತು ಸೆಕೆಂಡಿನೊಳಗೆ ನನ್ನ ಬೆನ್ನ ಮೇಲಿದ್ದಳು, ಅವಳ ಮೊಣಕೈ ನನ್ನ ಗದ್ದದ ಕೆಳಗಿತ್ತು. ಉಸಿರು ಕಟ್ಟಿತು ಅಂದುಕೊಂಡೆ, ಆದರೆ ಕಟ್ಟುತ್ತಿದ್ದದ್ದು ಉಸಿರಲ್ಲ. ಆ ಹಿಡಿತ ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಒತ್ತುತ್ತದೆ. ಸರಿಯಾಗಿ ಬಿದ್ದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಮನುಷ್ಯ ಎಚ್ಚರ ತಪ್ಪುತ್ತಾನೆ. ಬ್ರೆಜಿಲಿನವರು ಅದಕ್ಕೆ ಪೋರ್ಚುಗೀಸಿನಲ್ಲಿ ಇಟ್ಟಿರುವ ಹೆಸರಿನ ಅರ್ಥ "ಸಿಂಹ ಕೊಲ್ಲುವ ಪಟ್ಟು". "ದಾದಾ, ಟ್ಯಾಪ್ ಕರಾ," ಅಂದಳು ಹಿಂದಿನಿಂದ. ಅವಳ ತೋಳನ್ನು ಎರಡು ಸಲ ತಟ್ಟಿದೆ. ತಕ್ಷಣ ಬಿಟ್ಟಳು. ಮತ್ತೆ ಕೈ ಕುಲುಕಿ, ಮತ್ತೆ ಮೊದಲಿಂದ. ಐದು ನಿಮಿಷದಲ್ಲಿ ನಾಲ್ಕು ಸಲ ತಟ್ಟಿದೆ.

ತಟ್ಟುವುದು. ಈ ವಿದ್ಯೆಯೆಲ್ಲ ನಿಂತಿರುವುದೇ ಅದರ ಮೇಲೆ. ಎದುರಾಳಿಯ ಮೈಯನ್ನೋ ನೆಲವನ್ನೋ ತಟ್ಟಿದರೆ "ಸಾಕು, ಸೋತೆ" ಎಂದರ್ಥ. ಕೈಗೆ ಆಗದಿದ್ದರೆ ಬಾಯಿಂದ ಹೇಳಬಹುದು. ತಟ್ಟಿದ ಕೂಡಲೇ ಬಿಡಬೇಕು, ಅದಕ್ಕೆ ಯಾವ ವಿನಾಯಿತಿಯೂ ಇಲ್ಲ. ಹಾಗಿರುವುದರಿಂದಲೇ ಕೀಲು ತಿರುಚುವ, ಕತ್ತು ಹಿಸುಕುವ ಪಟ್ಟುಗಳನ್ನು ದಿನಾ ಪೂರ್ತಿ ಶಕ್ತಿಯಿಂದ ಅಭ್ಯಾಸ ಮಾಡಿ, ಸಂಜೆ ಎಲ್ಲರೂ ಮನೆಗೆ ಹೋಗಿ ಊಟ ಮಾಡಬಹುದು.

ವಿದ್ಯೆಯ ಮೂಲ ಜಪಾನು. ಜಿಗೊರೊ ಕಾನೊ ಹಳೆಯ ಜುಜುತ್ಸುವನ್ನು ಸೋಸಿ, 1882ರಲ್ಲಿ ಕೊಡೊಕಾನ್ ಸ್ಥಾಪಿಸಿ ಜೂಡೋ ಕಟ್ಟಿದ. ಅಲ್ಲಿ ಕಲಿತ ಮಿತ್ಸುಯೊ ಮಾಯೆದಾ ದೇಶ ದೇಶ ತಿರುಗಿ ಪಂದ್ಯ ಆಡುತ್ತ 1914ರಲ್ಲಿ ಬ್ರೆಜಿಲ್ ತಲುಪಿದ. ಮುಂದೆ ಬೆಲೆಂ ಊರಲ್ಲಿ ಅವನ ಪಾಠ ಕಾರ್ಲೋಸ್ ಗ್ರೇಸಿ ಎಂಬ ಹುಡುಗನಿಗೆ ಸಿಕ್ಕಿತು. ಕಾರ್ಲೋಸ್ ಆಮೇಲೆ ರಿಯೋದಲ್ಲಿ ಶಾಲೆ ತೆರೆದ. ಅವನ ತಮ್ಮ ಹೆಲಿಯೊ ಸಣಕಲು ಮೈಯವ. ಬಲ ಸಾಲದವನು ಕೆಳಗೆ ಬಿದ್ದೂ ಹೇಗೆ ಉಳಿಯಬೇಕು ಎಂಬುದರ ಮೇಲೇ ಆ ಮನೆತನ ಕೆಲಸ ಮಾಡಿತು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ಪಂದ್ಯಾವಳಿ ನಡೆದಾಗ ಹೆಲಿಯೊನ ಮಗ ರಾಯ್ಸ್ ತನಗಿಂತ ದಪ್ಪನೆಯವರನ್ನೂ ಸೋಲಿಸಿ ಗೆದ್ದ. ಆಮೇಲೆ ಜಗತ್ತೆಲ್ಲ ಇದರ ಹಿಂದೆ ಬಿತ್ತು.

ಇದನ್ನೆಲ್ಲ ಒಂದು ರಾತ್ರಿ ಊಟ ಮಾಡುತ್ತ ಅಪ್ಪನಿಗೆ ಹೇಳಿದೆ. ಫೋನಿನಲ್ಲಿ ಒಂದು ಪಂದ್ಯವನ್ನೂ ತೋರಿಸಿದೆ. ಒಬ್ಬ ಅಂಗಾತ ಮಲಗಿ, ಮೇಲಿನವನನ್ನು ಎರಡು ಕಾಲುಗಳ ನಡುವೆ ಹಿಡಿದಿದ್ದ. ಅದಕ್ಕೆ ಗಾರ್ಡ್ ಅನ್ನುತ್ತಾರೆ. ಅಪ್ಪ ಅರ್ಧ ನಿಮಿಷ ನೋಡಿದರು. "ಕೆಳಗಿನಂವ ಚಿತ್ ಆದ. ಮುಗೀತಲ್ಲ?"

"ಇದರಾಗ ಮುಗಿಯೂದಿಲ್ಲ ಅಪ್ಪಾ. ಇಲ್ಲಿಂದನೂ ಗೆಲ್ಲಬಹುದು."

"ಬೆನ್ನ ಹತ್ತಿದ ಮ್ಯಾಲ ಏನ್ ಗೆಲ್ಲೂದು? ಎದ್ದು ಮಣ್ಣ ಝಾಡಿಸಿ ಮನೀಗಿ ಹೋಗೂದು." ಫೋನು ವಾಪಸ್ಸು ಕೊಟ್ಟರು.

ಅವರ ಮಾತಲ್ಲಿ ತಪ್ಪಿಲ್ಲ. ನಮ್ಮ ಮಣ್ಣಿನ ಕುಸ್ತಿಯ ತರ್ಕವೇ ಅದು: ಬೆನ್ನು ಮಣ್ಣಿಗೆ ತಾಗುವುದೆಂದರೆ ಆಟ ಮುಗಿದಂತೆ. ಜಿಯು-ಜಿತ್ಸುವಿನ ಪಾಠ ಶುರುವಾಗುವುದೇ ಅಲ್ಲಿಂದ. ಲೆಕ್ಕವೂ ಹಾಗೇ ಇದೆ. ಎದುರಾಳಿಯನ್ನು ನೆಲಕ್ಕೆ ಕೆಡವಿದರೆ ಸಿಗುವುದು ಎರಡೇ ಅಂಕ. ಕೆಳಗಿದ್ದವನು ಮೇಲಿನವನನ್ನು ಉರುಳಿಸಿ ತಾನು ಮೇಲೆ ಬಂದರೂ ಎರಡು. ಅವನ ಕಾಲುಗಳ ಕೋಟೆ ದಾಟಿದರೆ ಮೂರು, ಎದೆಯ ಮೇಲೆ ಕೂತರೆ ಅಥವಾ ಬೆನ್ನು ಹಿಡಿದರೆ ನಾಲ್ಕು.

ತಟ್ಟುವುದನ್ನು ಕಲಿತೆ ಅಂದುಕೊಂಡಿದ್ದೆ. ಕಲಿತಿರಲಿಲ್ಲ. ನನಗಿಂತ ಹೆಚ್ಚು ಕಲಿತವರ ಮುಂದೆ ತಟ್ಟುವುದು ಸುಲಭ. ಐದನೇ ತಿಂಗಳಲ್ಲಿ ನನ್ನ ಹಾಗೇ ಬಿಳಿ ಬೆಲ್ಟಿನ, ನನಗಿಂತ ಎರಡು ತಿಂಗಳು ತಡವಾಗಿ ಸೇರಿದ್ದ ಕಾಲೇಜು ಹುಡುಗನೊಬ್ಬ ನನ್ನ ಬಲಗೈಯನ್ನು ತನ್ನ ತೊಡೆಗಳ ನಡುವೆ ಸಿಕ್ಕಿಸಿಕೊಂಡು ಚಾಚಿದ. ಗೋಡೆ ಗಡಿಯಾರದಲ್ಲಿ ಇಪ್ಪತ್ತು ಸೆಕೆಂಡು ಉಳಿದಿತ್ತು. ಇಷ್ಟು ತಡೆದರೆ ಸಾಕು, ಇವನಿಗೆ ಯಾಕೆ ತಟ್ಟಲಿ ಅನ್ನಿಸಿತು. ಮೊಣಕೈಯಲ್ಲಿ ಲಟಕ್ ಎಂದಿತು. ಹುಡುಗ ಹೆದರಿ ತಾನೇ ಬಿಟ್ಟುಬಿಟ್ಟ. ಪಾಪ, ಅವನದೇನೂ ತಪ್ಪಿರಲಿಲ್ಲ. ನನ್ನ ಅರ್ಧ ವಯಸ್ಸಿನವನು, ಬೈಕಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಕರೆದೊಯ್ದು, ದಾರಿಯುದ್ದಕ್ಕೂ ಸಾರಿ ಹೇಳಿದ. ಮೂಳೆ ಮುರಿದಿರಲಿಲ್ಲ, ಅಸ್ಥಿರಜ್ಜು ಹಿಗ್ಗಿತ್ತು. ಆರು ವಾರ ಭಾರ ಎತ್ತುವಂತಿಲ್ಲ.

ಕೋಚ್ ಬೈಯಲಿಲ್ಲ. 1951ರ ಕತೆ ಹೇಳಿದರು. ರಿಯೋದ ಮರಕಾನಾ ಮೈದಾನದಲ್ಲಿ ಹೆಲಿಯೊ ಗ್ರೇಸಿ ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾನನ್ನು ಎದುರಿಸಿದ. ಕಿಮುರಾ ಅವನ ತೋಳನ್ನು ಬೆನ್ನ ಹಿಂದೆ ತಿರುಚಿದ. ಕೈ ಮುರಿಯಿತು, ಹೆಲಿಯೊ ತಟ್ಟಲಿಲ್ಲ. ಕೊನೆಗೆ ಅಣ್ಣ ಕಾರ್ಲೋಸನೇ ಟವೆಲ್ ಎಸೆದು ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಬ್ರೆಜಿಲಿನವರು ಗೆದ್ದವನ ಹೆಸರನ್ನೇ ಇಟ್ಟರು. "ಕತೆ ಚೆನ್ನಾಗಿದೆ," ಅಂದರು ಕೋಚ್. "ಆದರೆ ಅವನಿಗಾಗಿ ಟವೆಲ್ ಎಸೆಯಲು ಅಣ್ಣ ಇದ್ದ. ನಿಮಗೆ ಬೆಳಿಗ್ಗೆ ಆಫೀಸಿದೆ."

ಆಫೀಸಿಗೆ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಮೂರನೇ ವಾರದಲ್ಲಿ. ಬೆಳಿಗ್ಗೆ ಐದೂವರೆಗೆ ನೀರು ಕುಡಿಯಲು ಎದ್ದಾಗ ಅಪ್ಪನ ಕೋಣೆಯ ಬಾಗಿಲಾಚೆ ಕಾಲು ಕಂಡಿತು. ಬಚ್ಚಲಿಗೆ ಹೋಗುವಾಗ ಬಿದ್ದಿದ್ದರು. ಅಂಗಾತ ಬಿದ್ದಿದ್ದರು, ಕಣ್ಣು ಬಿಟ್ಟುಕೊಂಡಿದ್ದರು, ಲುಂಗಿ ಒದ್ದೆಯಾಗಿತ್ತು. ಯಾವಾಗ ಬಿದ್ದದ್ದು ಅಂದರೆ "ಈಗ" ಅಂದರು. ಸ್ವಲ್ಪ ಹೊತ್ತಿನ ಮೇಲೆ, ಬಿದ್ದಾಗ ಗಡಿಯಾರ ನಾಲ್ಕು ಹೊಡೆದದ್ದು ಕೇಳಿಸಿತ್ತು ಅಂತ ತಾವೇ ಹೇಳಿದರು. ಅವರಿಗೂ ನಮ್ಮ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ.

"ಯಾಕ ಕರೀಲಿಲ್ಲ?"

"ಏಳತೇನಿ ಅಂದ್ಕೊಂಡಿದ್ದೆ."

ಎಬ್ಬಿಸಲು ಬಗ್ಗಿದೆ. ಬಲಗೈ ಮಡಚಲೂ ಆಗಲಿಲ್ಲ. ಹೆಂಡತಿ ಒಂದು ಕಡೆ ಹಿಡಿದಳು, ಸಾಲಲಿಲ್ಲ. ಕೊನೆಗೆ ಕೆಳಗಿನಿಂದ ವಾಚ್‌ಮನ್ ಬಂದ. ಅವನು ಕಂಕುಳಿಗೆ ಕೈ ಹಾಕಿ ಎತ್ತುವಾಗ ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ನನಗೂ ಅವರ ಮುಖ ನೋಡುವ ಧೈರ್ಯವಿರಲಿಲ್ಲ. ಕಾಲೇಜು ಹುಡುಗನ ಮುಂದೆ ಇಪ್ಪತ್ತು ಸೆಕೆಂಡಿನ ಮಾನ ಉಳಿಸಿಕೊಳ್ಳಲು ಹೋಗಿ ನಾನು ಕಳೆದದ್ದು ಅಪ್ಪನನ್ನು ಎತ್ತುವ ಕೈಯನ್ನು.

ಪುಣ್ಯಕ್ಕೆ ಮೂಳೆಗೆ ಏನೂ ಆಗಿರಲಿಲ್ಲ. ಮನೆಗೆ ಬಂದ ಫಿಸಿಯೊಥೆರಪಿಸ್ಟ್, ಬೀಳದಂತೆ ನೋಡಿಕೊಳ್ಳುವುದರ ಜೊತೆಗೆ ಬಿದ್ದರೆ ಏಳುವುದನ್ನೂ ಕಲಿಸಬೇಕು ಅಂದರು. ನೇರವಾಗಿ ಎದ್ದು ಕೂರಲು ಹೋಗಬಾರದು. ಮೊದಲು ಮಂಡಿ ಮಡಚಿ ಮಗ್ಗುಲಿಗೆ ಹೊರಳುವುದು, ಮೊಣಕೈ ಊರುವುದು, ಆಮೇಲೆ ಅಂಗೈ, ಆಮೇಲೆ ಅಂಬೆಗಾಲು. ಹತ್ತಿರದ ಕುರ್ಚಿಯವರೆಗೆ ಹೋಗಿ, ಅದನ್ನು ಹಿಡಿದು, ಒಂದು ಪಾದ ಮುಂದಿಟ್ಟು ಏಳುವುದು. ನೋಡುತ್ತ ನಿಂತವನಿಗೆ ಅರ್ಧ ಪಾಠ ಪರಿಚಯದ್ದೇ ಅನ್ನಿಸಿತು. ಕೆಳಗೆ ಸಿಕ್ಕಾಗ ಅಂಗಾತ ಇರಬೇಡ, ಮಗ್ಗುಲಾಗು ಅಂತಲೇ ಕೋಚ್ ದಿನಾ ಕೂಗುವುದು.

ಅಪ್ಪ ಮಾತ್ರ ನೆಲದ ಮೇಲೆ ಮಲಗಲು ಒಪ್ಪಲಿಲ್ಲ. ಒಂದು ವಾರ ಏನೇನೋ ನೆಪ. ಒಂದು ಭಾನುವಾರ ನಾನು ಹಾಲಿನಲ್ಲಿ ಎರಡು ಗಾದಿ ಹಾಸಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ, ನಾನೇ ಅಂಗಾತ ಮಲಗಿದೆ. ಒಂದೇ ಕೈ ಬಳಸಿ ಸೊಂಟ ಎತ್ತಿ ಸರಿದೆ, ಹೊರಳಿದೆ, ಎದ್ದೆ. ಮತ್ತೆ ಮಲಗಿದೆ. ಮೂರನೇ ಸಲಕ್ಕೆ ಅಪ್ಪನಿಗೆ ತಡೆಯಲಾಗಲಿಲ್ಲ.

"ಮಂಡಿ ಒಳಗ ತಗೋ. ಸೊಂಟ ಹಗುರಾಗತೈತಿ."

ತಗೊಂಡೆ. ಹಗುರಾಯಿತು.

"ಕುತಿಗಿ ಬಿಗಿ ಹಿಡೀಬ್ಯಾಡ. ಹಾಂ. ಈಗ ತಿರುಗು."

ನಲವತ್ತನಾಲ್ಕು ವರ್ಷದಲ್ಲಿ ಅಪ್ಪ ನನಗೆ ಹೇಳಿಕೊಟ್ಟ ಮೊದಲ ಪಟ್ಟು ಅದು. ಅರ್ಧ ಗಂಟೆ ಹಾಗೇ ನಡೆಯಿತು. ಕೊನೆಗೆ ಕುರ್ಚಿಯ ತೋಳು ಹಿಡಿದು ತಾವೇ ಕೆಳಗಿಳಿದರು. ನಡುಗುವ ಕೈಯಿಂದ ನನ್ನ ಮಣಿಕಟ್ಟು ಹಿಡಿದು, ಎಲ್ಲಿ ಊರಬೇಕು ಎಂದು ತೋರಿಸಿದರು. ಹಿಡಿತ ಇನ್ನೂ ಗಟ್ಟಿಯಿದೆ. ಆಮೇಲೆ ಬೆನ್ನು ಹಚ್ಚಿ ಮಲಗಿದರು, ಚಾವಣಿ ನೋಡುತ್ತ. ಮೊದಲ ದಿನ ಏಳಲು ಹನ್ನೊಂದು ನಿಮಿಷ ಬೇಕಾಯಿತು. ಈಗ ಒಳ್ಳೆಯ ದಿನಗಳಲ್ಲಿ ನಾಲ್ಕು. ಕೆಟ್ಟ ದಿನಗಳಲ್ಲಿ ಆಗುವುದೇ ಇಲ್ಲ. ಅಂಥ ದಿನಗಳು ಹೆಚ್ಚುತ್ತಿವೆ ಅನ್ನುವುದೂ ನಿಜ.

ಅದಕ್ಕೇ ಇನ್ನೊಂದು ಒಪ್ಪಂದ ಮಾಡಿಕೊಂಡಿದ್ದೇವೆ. ಅವರ ಹಾಸಿಗೆಯ ಪಕ್ಕ ಒಂದು ಸ್ಟೀಲ್ ಲೋಟವಿದೆ, ಬಚ್ಚಲ ದಾರಿಯಲ್ಲಿ ನೆಲದ ಹತ್ತಿರ ಇನ್ನೊಂದು. ಗೋಡೆಗೆ ಮೂರು ಸಲ ತಟ್ಟಿದರೆ ನಾನು ಬರುತ್ತೇನೆ, ಯಾಕೆ ಅಂತ ಕೇಳುವುದಿಲ್ಲ. ಇದನ್ನು ಹೇಳಿದಾಗ ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಎರಡು ತಿಂಗಳು ಆ ಲೋಟ ನೀರು ಕುಡಿಯಲಷ್ಟೇ ಬಳಕೆಯಾಯಿತು.

ನಾನು ಕ್ಲಾಸಿಗೆ ಮರಳಿದ್ದೇನೆ. ಬಿಳಿ ಬೆಲ್ಟಿನ ಮೇಲೆ ಎರಡು ಪಟ್ಟಿ ಬಿದ್ದಿವೆ. ನಾಲ್ಕಾದ ಮೇಲೆ ಎಂದೋ ಒಂದು ದಿನ ನೀಲಿ. ತೂಕ ಏಳು ಕಿಲೋ ಇಳಿದಿದೆ. ದಂತವೈದ್ಯೆಗೆ ಈಗಲೂ ಸೋಲುತ್ತೇನೆ, ಆದರೆ ಐದು ನಿಮಿಷಕ್ಕೆ ಒಂದೋ ಎರಡೋ ಸಲ. ಕಾಲೇಜು ಹುಡುಗ ಕೈ ಹಿಡಿದರೆ ಬೇಗ ತಟ್ಟುತ್ತೇನೆ. "ಕಾಕಾ, ಇನ್ನೂ ಹಿಡಿದೇ ಇರಲಿಲ್ಲ," ಎಂದು ಅವನು ನಗುತ್ತಾನೆ. ನಗಲಿ.

ಕಳೆದ ತಿಂಗಳು ಒಂದು ರಾತ್ರಿ ಎರಡು ಗಂಟೆಗೆ ಗೋಡೆಯಲ್ಲಿ ಸದ್ದಾಯಿತು. ಟಣ್, ಟಣ್. ಸ್ವಲ್ಪ ತಡೆದು ಇನ್ನೊಂದು. ಓಡಿ ಹೋದೆ. ಅಪ್ಪ ಬಿದ್ದಿರಲಿಲ್ಲ. ಹಾಸಿಗೆಯಲ್ಲೇ ಇದ್ದರು, ಮಗ್ಗುಲು ಬದಲಿಸಲು ಆಗದೆ ಎಷ್ಟೋ ಹೊತ್ತಿನಿಂದ ಹಾಗೇ ಮಲಗಿದ್ದರು. ಯಾಕೆ ಅಂತ ಕೇಳಲಿಲ್ಲ. ಮಂಡಿ ಮಡಚಿಸಿ, ಸೊಂಟದ ಕೆಳಗೆ ಕೈಯಿಟ್ಟು ಗೋಡೆಯ ಕಡೆಗೆ ಹೊರಳಿಸಿದೆ. ಹೊದಿಕೆ ಎಳೆದುಕೊಟ್ಟೆ.

"ಲೋಟ ಸೊಟ್ಟಾತು ನೋಡು," ಅಂದರು ಅಪ್ಪ, ಕಣ್ಣು ಮುಚ್ಚಿಕೊಂಡೇ. "ನಾಳೆ ಬ್ಯಾರೇದಿಡು."