ಮೈಲುತುತ್ತಿನ ಕಲೆ

ಅಪ್ಪಾ,

ಕೆಟ್ಟ ಸುದ್ದಿಯನ್ನೇ ಮೊದಲು ಹೇಳಿಬಿಡುತ್ತೇನೆ. ಮೇಲಿನ ತೋಟ ಕಡಿಸಿದೆ. 312 ಮರ. ಎಣಿಸಿದ್ದು ಅಮ್ಮ. ಜಗಲಿಯಲ್ಲಿ ಕೂತುಕೊಂಡು, ಮರ ಬಿದ್ದ ಸದ್ದು ಕೇಳಿದಾಗಲೆಲ್ಲ ಒಂದೊಂದು ಹುಣಸೆಬೀಜ ತೆಗೆದು ಗೆರಸೆಗೆ ಹಾಕಿದಳು. ಮೂರು ದಿನ ಹಾಗೆಯೇ ಕೂತಿದ್ದಳು. ಆ ಬೀಜಗಳನ್ನು ಇನ್ನೂ ಎಸೆದಿಲ್ಲ.

ಹಳದಿ ರೋಗವೇ. ನೀನಿರುವಾಗಲೇ ಮೂಲೆಯ ನಾಲ್ಕು ಮರಗಳ ಸೋಗೆ ತುದಿಯಿಂದ ಹಳದಿಯಾಗಿತ್ತಂತೆ. "ಬಿಸಿಲು ಜಾಸ್ತಿಯಾಯಿತು" ಎಂದು ಹೇಳಿ ಸುಮ್ಮನಾದೆಯಂತೆ. ನಿನಗೆ ಗೊತ್ತಿತ್ತು ಎನ್ನುತ್ತಾಳೆ ಅಮ್ಮ. ಸಂಪಾಜೆ, ಅರಂತೋಡಿನ ಕಡೆ ತೋಟಗಳು ಬೋಳಾದದ್ದನ್ನು ಕಣ್ಣಾರೆ ಕಂಡವನಲ್ಲವಾ ನೀನು. ಕೊಳೆರೋಗವಾದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ನಿದ್ದೆಯಲ್ಲೂ ಹೇಳುತ್ತಿದ್ದೆ. ಇದಕ್ಕೆ ಅಂಥ ಮದ್ದಿಲ್ಲ. ಸೋಗೆ ಹಳದಿಯಾಗುತ್ತದೆ, ಮರದ ತಲೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ, ಕಾಯಿ ಉದುರುತ್ತದೆ. ಉಳಿದ ಅಡಿಕೆ ಒಡೆದು ನೋಡಿದರೆ ಒಳಗೆಲ್ಲ ಕಪ್ಪು.

ಈಗ ಆಟಿಯ ಮಳೆ. ನಾಲ್ಕು ದಿನ ಕರೆಂಟ್ ಇರಲಿಲ್ಲ. ಅಟ್ಟದ ಪೆಟ್ಟಿಗೆಯಲ್ಲಿ 'ಬೆಟ್ಟದ ಜೀವ' ಸಿಕ್ಕಿತು. ನಮ್ಮ ಬೆಟ್ಟದ ಕಥೆ ಎಂದು ಯಾರೋ ಹೇಳಿದರೆಂದು ಪುತ್ತೂರಿನಿಂದ ಮೈಲುತುತ್ತಿನ ಜೊತೆ ಒಂದೇ ಚೀಲದಲ್ಲಿ ಹಾಕಿ ತಂದಿದ್ದೆಯಲ್ಲ, ಅದೇ ಪ್ರತಿ. ರಟ್ಟಿನ ಮೂಲೆಯಲ್ಲಿ ನೀಲಿ ಕಲೆ ಹಾಗೆಯೇ ಉಂಟು. ಬೆರಳು ಒದ್ದೆ ಮಾಡಿ ಉಜ್ಜಿದೆ, ಹೋಗಲಿಲ್ಲ.

ನೆನಪುಂಟಾ, ಅದನ್ನು ಓದಿ ಮುಗಿಸಿ ನೀನು ಹೇಳಿದ್ದು ಒಂದೇ ಮಾತು: "ಈ ಗೋಪಾಲಯ್ಯ ಇಷ್ಟು ಮಾತಾಡಿದರೆ ಕೆಲಸ ಮಾಡುವುದು ಯಾವಾಗ?" ಅಮ್ಮ ನಕ್ಕು ಮಜ್ಜಿಗೆ ಚೆಲ್ಲಿದ್ದಳು. ಕಾರಂತರು ಅದನ್ನು ಬರೆದದ್ದು 1943ರಲ್ಲಿ. ಅವರ ಮೇಲೆ ಅಷ್ಟು ಚಿಕ್ಕ ವಿಮರ್ಶೆಯನ್ನು ನಾನು ಮತ್ತೆಲ್ಲೂ ಓದಿಲ್ಲ.

ಆಗ ನನಗೆ ಹದಿನೇಳು. ನಾನು ಗೋಪಾಲಯ್ಯನ ಮಗ ಶಂಭುವಿನ ಪಕ್ಷ. ಕುಮಾರಪರ್ವತದ ಬುಡದಲ್ಲಿ ಕಾಡು ಕಡಿದು ತೋಟ ಮಾಡುವ ಮುದುಕ, ಅವನಿಗೊಬ್ಬಳು ಹೆಂಡತಿ, ಸುತ್ತ ಹುಲಿಯ ಕಾಟ. ಅಲ್ಲಿಂದ ಹುಡುಗ ಓಡಿಹೋಗದೆ ಇನ್ನೇನು ಮಾಡುತ್ತಾನೆ ಎನಿಸಿತ್ತು. ಎಲ್ಲರ ಬಾಯಲ್ಲೂ ಇರುವ ಶಂಭು ಒಮ್ಮೆಯೂ ಎದುರಿಗೆ ಬಂದು ಮಾತಾಡುವುದಿಲ್ಲ. ಅವನ ಪರವಾಗಿ ನಾನೇ ಮಾತಾಡಿದೆ ಎಂದು ಕಾಣುತ್ತದೆ, 1991ರಲ್ಲಿ, ಬೆಂಗಳೂರಿಗೆ ಹೊರಟ ದಿನ. "ಯಾರಿಗೆ ಬೇಕು ನಿಮ್ಮ ತೋಟ" ಎಂದೆ. ನೀನು ಉತ್ತರ ಕೊಡದೆ ಹಾರೆ ಹೆಗಲಿಗೇರಿಸಿ ಗುಡ್ಡ ಹತ್ತಿದೆ. ಆಮೇಲೆ ಇಪ್ಪತ್ತೈದು ವರ್ಷ ಫೋನಿನಲ್ಲಿ ನಿನ್ನದು ಒಂದೇ ಪ್ರಶ್ನೆ: "ಅಲ್ಲಿ ಮಳೆ ಉಂಟಾ?" ನಾನು ಉಂಟೆಂದರೂ ಇಲ್ಲವೆಂದರೂ ಫೋನು ಅಮ್ಮನ ಕೈಗೆ ಹೋಗುತ್ತಿತ್ತು.

ಕೊನೆಯ ದೀಪಾವಳಿಗೆ ಬಂದಾಗ ಗಾಳಿಗೆ ಬಿದ್ದ ಮರದ ಜಾಗದಲ್ಲಿ ನೀನು ಗುಂಡಿ ತೋಡುತ್ತಿದ್ದೆ. ನಿನಗೆ ಎಪ್ಪತ್ತೊಂಬತ್ತು. ಪಕ್ಕದಲ್ಲಿ ಮೊಳಕಾಲೆತ್ತರದ ಅಡಿಕೆ ಸಸಿ. ಫಸಲಿಗೆ ಇನ್ನೂ ಐದಾರು ವರ್ಷ ಬೇಕು, ಯಾರಿಗಪ್ಪ ಇದು ಎಂದು ಕೇಳಿದೆ. "ಮರ ಬಿದ್ದ ಗುಂಡಿಯನ್ನು ಹಾಗೆ ಬಿಡಬಾರದು" ಎಂದೆ. ಜಾರಿಕೊಳ್ಳುವ ಉತ್ತರ ಅಂದುಕೊಂಡೆ ನಾನು.

ಶಂಭು ಹಿಂದೆ ಬಂದಿದ್ದರೆ ಏನಾಗುತ್ತಿತ್ತು? ಕಾರಂತರು ಅದನ್ನು ಹೇಳಲಿಲ್ಲ. ನಾನು ಬಂದೆನಲ್ಲ, ಹೇಳುತ್ತೇನೆ ಕೇಳು: ಅಪ್ಪ ಇರಲಿಲ್ಲ, ತೋಟ ಹಳದಿಯಾಗಿತ್ತು. ಮನುಷ್ಯ ಬದುಕುವುದು ಏನನ್ನಾದರೂ ಉಳಿಸಿ ಹೋಗುವುದಕ್ಕೆ ಎಂದಾದರೆ, ನೀನು ತೋಟದಲ್ಲಿ ಐವತ್ತು ವರ್ಷ ಬದುಕಿದ್ದು ಗರಗಸಕ್ಕೆ ಮೂರೇ ದಿನದ ಕೆಲಸ. ಕಡಿಸಿದ ಮೇಲೆ ಎಷ್ಟೋ ರಾತ್ರಿ ಇದೇ ಲೆಕ್ಕ ಹಾಕುತ್ತಾ ನಿದ್ದೆ ಕೆಡಿಸಿಕೊಂಡೆ.

ಈ ಸಲ ಓದುವಾಗ ತೋಟದ ಪುಟಗಳಿಗಿಂತ ಬೇರೆ ಪುಟಗಳಲ್ಲಿ ನಿಂತೆ. ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ರಾತ್ರಿ ಬಾಗಿಲಿಗೆ ಬರುತ್ತಾನೆ. ಊರು, ಹೆಸರು ಆಮೇಲೆ, ಉಪಚಾರ ಮೊದಲು. ಹೊರಡುತ್ತೇನೆಂದರೂ ಬಿಡುವುದಿಲ್ಲ. ತೋಟಕ್ಕೆ ಮಗ ಬರುವ ಭರವಸೆಯಿಲ್ಲದ ಮನೆ ಅದು. ಆದರೂ ಮುದುಕ ಮುಂದೆ ಎಲ್ಲಿ ಏನು ಬೆಳೆಯಬಹುದು ಎಂದೇ ಯೋಚಿಸುತ್ತಾನೆ. ನಮ್ಮ ಮರ ಕಡಿಯಲು ಬಂದವನ ಮಾತು ಆಗ ನೆನಪಾಯಿತು. ಮೊದಲ ದಿನ ಗರಗಸ ಚಾಲೂ ಮಾಡದೆ ಸುಮಾರು ಹೊತ್ತು ನಿಂತಿದ್ದ. ಎಂತ ಎಂದು ಕೇಳಿದರೆ, "ಕಾಲಿಗೆ ತಳೆ ಹಾಕಿ ಮರ ಹತ್ತುವುದನ್ನು ನಿಮ್ಮ ಅಪ್ಪ ನನಗೆ ಇದೇ ಸಾಲಿನಲ್ಲಿ ಕಲಿಸಿದ್ದು" ಎಂದ. ಅಪ್ಪನಿಲ್ಲದ ಹುಡುಗನಂತೆ ಆಗ ಅವನು. ಊರಿಡೀ ಮರ ಹತ್ತಿ, ಮದ್ದು ಬಿಟ್ಟು ಇಬ್ಬರು ಮಕ್ಕಳನ್ನು ಓದಿಸಿದ್ದಾನೆ. ಇದನ್ನು ನೀನು ಯಾವತ್ತೂ ಹೇಳಿರಲಿಲ್ಲ. ನನ್ನ ಲೆಕ್ಕದಲ್ಲಿ ಇದು ಸೇರಿರಲಿಲ್ಲ.

ಇನ್ನೊಂದು ಹೇಳಬೇಕು. ಗೋಪಾಲಯ್ಯ ಅಷ್ಟು ಮಾತಾಡುವುದು, ಹೆಂಡತಿಯನ್ನು ಅಷ್ಟು ಚೇಷ್ಟೆ ಮಾಡುವುದು ಯಾಕೆಂದು ಈಗ ಗೊತ್ತಾಯಿತು. ಅವನು ಸುಮ್ಮನಾದರೆ ಶಂಕರಮ್ಮನಿಗೆ ಮಗನ ನೆನಪಾಗುತ್ತದೆ. ಅವನು ಮಾತಿನಿಂದ ಮುಚ್ಚಿದ ಗುಂಡಿ ಅದು. ನೀನು ಹಾರೆಯಿಂದ ಮುಚ್ಚಿದೆ.

ಕಡಿದ ಜಾಗದಲ್ಲಿ ಬಾಳೆ ಇಟ್ಟಿದ್ದೇನೆ, ನಡುನಡುವೆ ರಂಬುಟಾನ್ ಕಸಿ ಗಿಡ. ಅಮ್ಮನಿಗೆ ಆ ಹೆಸರು ಬಾಯಿಗೆ ಬರುವುದಿಲ್ಲ, 'ಕೂದಲಿನ ಹಣ್ಣು' ಎನ್ನುತ್ತಾಳೆ. ಉಳಿಯುತ್ತದೋ ಇಲ್ಲವೋ. ಗುಂಡಿಯಂತೂ ಖಾಲಿ ಬಿಟ್ಟಿಲ್ಲ.

ನಿನ್ನ ಮೊಮ್ಮಗಳು ಜರ್ಮನಿಗೆ ಹೋಗುತ್ತಾಳಂತೆ, ಓದಲಿಕ್ಕೆ. ಮೊನ್ನೆ ಹೇಳಿದಳು. ನಾನು ಎದ್ದು ಹಾರೆ ಹುಡುಕಲು ಹೊರಟಿದ್ದೆ, ನಿಜವಾಗಿ. ಅಂಗಳದವರೆಗೆ ಹೋಗಿ ತಿರುಗಿ ಬಂದು ಅವಳೆದುರು ಕೂತೆ. ಯಾವ ಊರು, ಎಂತ ಊಟ, ಒಬ್ಬಳೇ ಇರುತ್ತೀಯಾ, ಹೆದರಿಕೆ ಇಲ್ಲವಾ ಎಂದು ಒಂದು ಗಂಟೆ ಕೇಳಿದೆ. "ನೀನು ಯಾವಾಗಿಂದ ಇಷ್ಟು ಮಾತಾಡುವುದು?" ಎಂದಳು.

ಗೋಪಾಲಯ್ಯನದು ಮಾತು ಜಾಸ್ತಿಯೇ, ಒಪ್ಪಿದೆ. ನೀನು ಸ್ವಲ್ಪ ಮಾತಾಡಬಹುದಿತ್ತು ಅಪ್ಪಾ. ನಾನೂ ಫೋನು ಅಮ್ಮನ ಕೈಗೆ ಹೋಗುವ ಮೊದಲು ಇನ್ನೊಂದು ಮಾತು ಕೇಳಬಹುದಿತ್ತು.

ಇಲ್ಲಿ ಮಳೆ ಉಂಟು. ಜೋರು ಮಳೆ.

ಇಂತು,
ನಿನ್ನ ಮಗ