ಒಂದು ಚಾಕಲೇಟಿಗೆ ಒಂದು ವೋಟು

ಸೆಕೆಂಡ್ ಇಂಟರ್ನಲ್ಸ್ ಮುಗಿದ ಸಂಜೆಯೇ ನಾವು ನಾಲ್ಕು ಜನ ಊರಿನ ಬಸ್ಸು ಹತ್ತಿದೆವು. ಮಾರನೇ ದಿನ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರಿಗೆ ಬೀಳ್ಕೊಡುಗೆ. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಬಂದವರು ಅದೇ ಅನುದಾನಿತ ಶಾಲೆಯಲ್ಲಿ 31 ವರ್ಷ ಕಳೆದು ನಿವೃತ್ತರಾಗ್ತಿದ್ರು.

ರಾಜ್ಯಶಾಸ್ತ್ರ ಅಂದ್ರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಎಸ್ಸೆಸ್ಸೆಲ್ಸಿಗೆ ಬಾಯಿಪಾಠ ಮಾಡಿ ಮರೆತ ಪಾಠ. ಅವರು ನಮಗೆ ಮರೆಯೋಕೆ ಬಿಡಲಿಲ್ಲ. ಪ್ರತಿ ಜೂನ್‌ನಲ್ಲಿ ಶಾಲಾ ಸಂಸತ್ತಿನ ಚುನಾವಣೆ. ನಾಮಪತ್ರ ಸಲ್ಲಿಸೋದಕ್ಕೆ ಒಂದು ದಿನ, ವಾಪಸ್ ಪಡೆಯೋದಕ್ಕೆ ಒಂದು ದಿನ. ಲ್ಯಾಬಿನ ಬೀರು ಹಿಂದೆ ಮತಗಟ್ಟೆ. ಎಡಗೈ ತೋರುಬೆರಳಿಗೆ ಮಾರ್ಕರ್ ಪೆನ್ನಿನ ಗೆರೆ. ದೇಶದ ಚುನಾವಣೆಗಳಿಗೆ ಬೇಕಾದ ಅಳಿಸಲಾಗದ ಶಾಯಿ 1962ರಿಂದ ನಮ್ಮ ಮೈಸೂರಿನ ಕಾರ್ಖಾನೆಯಲ್ಲೇ ತಯಾರಾಗುತ್ತೆ ಅಂತ ನಾವು ಮೊದಲು ಕೇಳಿದ್ದು ಅವರ ಬಾಯಲ್ಲೇ.

ಒಂಬತ್ತನೇ ಕ್ಲಾಸಲ್ಲಿ ನಮ್ಮ ಗ್ಯಾಂಗಿನವನೊಬ್ಬ ಪ್ರಧಾನಿ ಸ್ಥಾನಕ್ಕೆ ನಿಂತ. ನಾವೆಲ್ಲ ದುಡ್ಡು ಹಾಕಿ ಎಂಟನೇ ಕ್ಲಾಸಿನವರಿಗೆ ಚಾಕಲೇಟ್ ಹಂಚಿದ್ವಿ. ಗೆದ್ದೂ ಬಿಟ್ಟ. ಮಾರನೇ ದಿನ ಪ್ರಾರ್ಥನೆ ಹೊತ್ತಲ್ಲಿ ಮೇಷ್ಟ್ರು ಯಾರ ಹೆಸರನ್ನೂ ಎತ್ತದೆ, "ಚುನಾವಣೆ ರದ್ದು. ಒಂದು ಚಾಕಲೇಟಿಗೆ ಒಂದು ವೋಟು ಕೊಟ್ಟವರು, ನಾಳೆ ಪ್ರಶ್ನೆ ಕೇಳೋ ಹಕ್ಕನ್ನೂ ಅದರ ಜೊತೆಗೇ ಮಾರಿದ ಹಾಗೆ" ಅಂದ್ರು. ಮರುಚುನಾವಣೆಯಲ್ಲಿ ಹೆಚ್ಚು ಮಾತೇ ಆಡದ ಹುಡುಗಿಯೊಬ್ಬಳು ಗೆದ್ದಳು. ನಮಗೆ ಬೆತ್ತದ ರುಚಿ ಗ್ಯಾರಂಟಿ ಅಂದ್ಕೊಂಡಿದ್ವಿ. ಅವರು ನಮ್ಮನ್ನು ಕರೆದು ವಿರೋಧ ಪಕ್ಷದ ಬೆಂಚಲ್ಲಿ ಕೂರಿಸಿದ್ರು. "ಇನ್ಮೇಲೆ ನಿಮ್ಮ ಕೆಲಸ ಪ್ರಶ್ನೆ ಕೇಳೋದು. ಗಲಾಟೆ ಮಾಡೋದಲ್ಲ, ತಿಳೀತಾ?"

ಶನಿವಾರ ಅಧಿವೇಶನ. ಹುಡುಗೀರ ಶೌಚಾಲಯಕ್ಕೆ ನೀರು ಯಾಕೆ ಬರ್ತಿಲ್ಲ ಅಂತ ಕೇಳಿದ್ವಿ. ನಿಜ ಹೇಳಬೇಕಂದ್ರೆ, ಪ್ರಧಾನಿಯನ್ನು ಸಿಕ್ಕಿಸೋದಷ್ಟೇ ನಮ್ಮ ಉದ್ದೇಶ. ಅವಳು ತಡವರಿಸಿದಳು. ಆಗ ಹಿಂದೆ ಕೂತಿದ್ದ ಮೇಷ್ಟ್ರು ಎದ್ದು ನಿಂತ್ರು. "ಇದಕ್ಕೆ ಉತ್ತರ ಕೊಡಬೇಕಾದವನು ನಾನು. ಮೋಟಾರ್ ಸುಟ್ಟು ಮೂರು ವಾರ ಆಯ್ತು. ಆಡಳಿತ ಮಂಡಳಿಗೆ ನಾನಿನ್ನೂ ಬರೆದಿಲ್ಲ. ತಪ್ಪು ನನ್ನದೇ" ಅಂದ್ರು. ಹಾಲ್ ಪೂರ್ತಿ ಗಪ್‌ಚುಪ್. ಮುಂದಿನ ಶನಿವಾರ ತಾವು ಬರೆದ ಪತ್ರದ ನಕಲನ್ನು ಸದನದ ಮುಂದಿಟ್ಟರು. ಎರಡು ವಾರದಲ್ಲಿ ನೀರು ಬಂತು. ಅಧಿಕಾರದಲ್ಲಿ ಇರೋವರು ಮಕ್ಕಳ ಮುಂದೆ ಎದ್ದು ನಿಂತು ಲೆಕ್ಕ ಒಪ್ಪಿಸಿದ್ದನ್ನು ನಾವು ನೋಡಿದ್ದು ಅದೇ ಮೊದಲು.

ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯ್ತು. ನಾವೂ ವೇದಿಕೆ ಹತ್ತಿ ಅವರಿಂದ ಏನೇನು ಕಲಿತೆವು ಅಂತ ಚೆನ್ನಾಗೇ ಮಾತಾಡಿದ್ವಿ. ಆಮೇಲೆ ಕಾಲಿಗೆ ನಮಸ್ಕಾರ ಮಾಡಿದಾಗ ಅವರು ಪ್ಲೇಸ್‌ಮೆಂಟ್ ಬಗ್ಗೆ ಕೇಳಲಿಲ್ಲ. ಸಿಜಿಪಿಎ ಬಗ್ಗೆಯೂ ಇಲ್ಲ. "ವೋಟರ್ ಲಿಸ್ಟಲ್ಲಿ ಹೆಸರು ಸೇರಿಸಿದ್ರೇನ್ರೋ?"

ನಾಲ್ವರಿಗೂ ಇಪ್ಪತ್ತಾಗಿದೆ. ಸೇರಿಸಿದ್ದವನು ಒಬ್ಬನೇ. "ಟೈಮೇ ಆಗ್ಲಿಲ್ಲ ಸರ್" ಅಂದ್ವಿ. ಆಗಷ್ಟೇ ಮಾಡಿದ ಭಾಷಣ ನೆನಪಾಗಿ ಮುಖ ತಗ್ಗಿತು. ಅವರು ಬೈಯಲಿಲ್ಲ. "ನಮ್ಮ ಕಾಲದಲ್ಲಿ ಇಪ್ಪತ್ತೊಂದು ಆಗಬೇಕಿತ್ತು ಕಣ್ರೋ. 1989ರಲ್ಲಿ ಅದು ಹದಿನೆಂಟಕ್ಕೆ ಇಳೀತು. ನಾನು ಮೂರು ವರ್ಷ ಜಾಸ್ತಿ ಕಾದವನು" ಅಂದು, ಕೈಯಲ್ಲಿದ್ದ ಬುಟ್ಟಿಯಿಂದ ಒಂದೊಂದು ಕಿತ್ತಳೆ ತೆಗೆದುಕೊಟ್ಟರು.

ವಾಪಸ್ ಬರೋ ಬಸ್ಸಲ್ಲೇ ಮೂವರೂ ಮೊಬೈಲಲ್ಲಿ ನಮೂನೆ 6 ತುಂಬಿದ್ವಿ. ಕಾಲು ಗಂಟೆಯೂ ಹಿಡಿಯಲಿಲ್ಲ. ಹದಿನೇಳು ತುಂಬಿದವರೂ ಮುಂಚಿತವಾಗಿ ಅರ್ಜಿ ಹಾಕಬಹುದು ಅಂತ ಆಗ ಗೊತ್ತಾಯ್ತು. ಅರ್ಜಿ ನಂಬರುಗಳನ್ನು ಮೇಷ್ಟ್ರಿಗೆ ವಾಟ್ಸಾಪ್ ಮಾಡಿದ್ವಿ. ಶಹಬ್ಬಾಸ್ ಅಂತಾರೆ ಅಂದ್ಕೊಂಡ್ರೆ, ಬಂದದ್ದು ಮತ್ತೊಂದು ಪ್ರಶ್ನೆ: "ಸರಿ. ಹಾಸ್ಟೆಲಲ್ಲಿ ಇನ್ನೂ ಎಷ್ಟು ಜನ ಬಾಕಿ?"

ಅದಕ್ಕೆ ನಮ್ಮ ಹತ್ರ ಇನ್ನೂ ಉತ್ತರ ಇಲ್ಲ. ಈ ವಾರ ರೂಮ್ ರೂಮಿಗೂ ಬರ್ತೀವಿ, ಬಾಗಿಲು ತೆಗೀರಿ. ಚಾಕಲೇಟ್ ಮಾತ್ರ ತರಲ್ಲ.